ಲಂಚದ ಕಥೆ ಬರೆಯುವುದು ಹೇಗೆ: ಒಂದು ಕಡತ, ಎರಡು ಎಕರೆ, ಕಾಫಿ ಸೀಮೆ

ಲಂಚ ಮತ್ತು ಬಡವ-ಬಲ್ಲಿದರ ಅಂತರ ಕುರಿತ ಕಥೆಗಳು ಹೆಚ್ಚಾಗಿ ಸೋಲುವುದು ಒಂದೇ ಕಾರಣಕ್ಕೆ. ಬರೆಯುವವರಲ್ಲಿ ಸಿಟ್ಟು ಇರುತ್ತದೆ, ಕಡತದ ಪರಿಚಯ ಇರುವುದಿಲ್ಲ. ಹೊಟ್ಟೆ ಬಿಟ್ಟ ಅಧಿಕಾರಿ, ಕಣ್ಣೀರಿಡುವ ರೈತ, ಮೇಜಿನಡಿಯಲ್ಲಿ ಕೈ ಬದಲಾಗುವ ಲಕೋಟೆ ಬಂದರೆ ಸಾಕು, ಎರಡನೇ ಪುಟಕ್ಕೇ ಕೊನೆ ಏನೆಂದು ಓದುಗರಿಗೆ ಗೊತ್ತಾಗಿಬಿಡುತ್ತದೆ. ಹಾಸನ, ಚಿಕ್ಕಮಗಳೂರಿನ ಓದುಗರಂತೂ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿಳಿದವರು. ಸರ್ವೆ ಆಗುವ ಮೊದಲೇ ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ) ಕೊಡಿಸಿದ ಕಥೆಗಾರರನ್ನು ಅವರು ನಂಬುವುದಿಲ್ಲ.

ಇಲ್ಲಿ ಹೇಳುವ ಕ್ರಮ 3000ದಿಂದ 5000 ಪದದ ಸಣ್ಣಕಥೆಗೆ ಹೊಂದುತ್ತದೆ. ಕಾದಂಬರಿಗೂ ಅಡಿಪಾಯ ಇದೇ, ಕಡತಗಳ ಸಂಖ್ಯೆ ಮಾತ್ರ ಹೆಚ್ಚು. ಇಡೀ ಕ್ರಮ ನಿಂತಿರುವುದು ಒಂದು ತಿಳಿವಳಿಕೆಯ ಮೇಲೆ: ಲಂಚದ ಕಥೆಯ ಒಳಗಿರುವುದು ಕಾಯುವ ಕಥೆ. ಉಳ್ಳವರು ಕಾಯುವುದನ್ನು ತಪ್ಪಿಸಿಕೊಳ್ಳಲು ಹಣ ಕೊಡುತ್ತಾರೆ. ಕೂಲಿಯವರು ಕಾದು ಸೋತ ಮೇಲೆ ಸಾಲ ತಂದು ಕೊಡುತ್ತಾರೆ. ಹಣ ಹೋಗುವುದು ಒಂದೇ ಮೇಜಿಗೆ. ಆದರೆ ಕೊಡುವ ಹೊತ್ತಿಗೆ ಒಬ್ಬರ ಮನೆಯಲ್ಲಿ ಏನೂ ಕದಲಿರುವುದಿಲ್ಲ, ಇನ್ನೊಬ್ಬರ ಮನೆಯಲ್ಲಿ ಎರಡು ಮಳೆಗಾಲ ಕಳೆದು ಕಿವಿಯ ಓಲೆ ಗಿರವಿಗೆ ಹೋಗಿರುತ್ತದೆ.

ಮೊದಲು ಕಾಗದ ಆರಿಸಿ, ಆಮೇಲೆ ಮನುಷ್ಯರನ್ನು

ಪಾತ್ರದಿಂದ ಶುರು ಮಾಡುವುದು ಅಭ್ಯಾಸ. ಈ ವಸ್ತುವಿಗೆ ಕಾಗದದಿಂದ ಶುರು ಮಾಡಿ. ನಿಮ್ಮ ಕಥೆಯಲ್ಲಿ ಒಬ್ಬರಿಗೆ ಬೇಕಾಗಿರುವ ಒಂದೇ ಒಂದು ಕಾಗದ ಯಾವುದು ಎಂದು ನಿರ್ಧರಿಸಿ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯೋ, ಜಮೀನನ್ನು ಅಳೆದು ಬೇರ್ಪಡಿಸುವ ಪೋಡಿಯೋ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಹಕ್ಕುಪತ್ರವೋ, ಪಂಚಾಯಿತಿಯ ವಸತಿ ಯೋಜನೆಯ ಬಿಲ್ಲೋ, ಆನೆ ತುಳಿದ ಗದ್ದೆಯ ಪರಿಹಾರವೋ, ಹೇಮಾವತಿ ಮುಳುಗಡೆಯವರಿಗೆ ಸಿಗಬೇಕಾದ ಬದಲಿ ಜಮೀನೋ. ಎರಡು ಕಾಗದ ಬೇಡ. ಸಣ್ಣಕಥೆ ಎರಡರ ಭಾರ ತಾಳುವುದಿಲ್ಲ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಕೊಪ್ಪದ ಕಡೆಯ ಕಥೆಗೆ ಎಲ್ಲಕ್ಕಿಂತ ಫಲವತ್ತಾದದ್ದು ಬಗರ್ ಹುಕುಂ ಅರ್ಜಿ, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ತಮಗೆ ಮಂಜೂರು ಮಾಡಿ ಎಂಬ ಅರ್ಜಿ. ಈ ಅರ್ಜಿಯ ನಮೂನೆ 50 ತೊಂಬತ್ತರ ದಶಕದ ಆರಂಭದ್ದು, ನಮೂನೆ 53 ಅದೇ ದಶಕದ ಕೊನೆಯದು, ನಮೂನೆ 57 ಬಂದದ್ದು ಭೂಕಂದಾಯ ಕಾಯ್ದೆಯ 2018ರ ತಿದ್ದುಪಡಿಯಿಂದ. ಈ ಮೂರು ಸಂಖ್ಯೆಗಳಲ್ಲೇ ಎರಡು ತಲೆಮಾರು ಅಡಗಿದೆ. ಅಪ್ಪ ನಮೂನೆ 53 ಹಾಕಿ ಸ್ವೀಕೃತಿ ಚೀಟಿಯನ್ನು ಟ್ರಂಕಿನಲ್ಲಿಟ್ಟು ತೀರಿಕೊಂಡಿದ್ದಾನೆ. ಮಗ ಅದೇ ಎರಡು ಎಕರೆಗೆ 2019ರಲ್ಲಿ ಮತ್ತೆ ನಮೂನೆ 57 ಹಾಕುತ್ತಾನೆ. ಹಳೆ ಅರ್ಜಿ ಬಾಕಿ ಇರುವಾಗ ಹೊಸದು ಯಾಕೆ ಹಾಕಿದೆ ಎಂದು ಕಚೇರಿ ಕೇಳುತ್ತದೆ. ಇದಕ್ಕಿಂತ ಬೇರೆ ಕಥಾಬೀಜ ಬೇಕಿಲ್ಲ.

ಬಯಲುಸೀಮೆಯ ಕಡೆಯವರಾದರೆ ಕಾಗದ ಬದಲಾಗುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಖರೀದಿ ಕೇಂದ್ರದ ನೋಂದಣಿ ಇದೆ. ಹಾಸನದ ಎಪಿಎಂಸಿ ಮಾರುಕಟ್ಟೆಯಲ್ಲಿ ಮುಂಗಾರಿಗೆ ಮೊದಲು ಜಲಂಧರ್‌ನಿಂದ ಬಂದಿಳಿಯುವ ಬಿತ್ತನೆ ಆಲೂಗಡ್ಡೆ ಚೀಲದ ಗುಣಮಟ್ಟದ ಪ್ರಶ್ನೆ ಇದೆ. ಗಡ್ಡೆ ಕೊಳೆತು ಬೆಳೆಯೇ ಹೋದಾಗ ಬಿಲ್ಲು ಕೊಟ್ಟಿದ್ದಾರಾ ಇಲ್ಲವಾ ಎಂಬಲ್ಲೇ ಕಥೆ ಹುಟ್ಟುತ್ತದೆ.

ಕಡತದ ದಾರಿಯನ್ನು ಹಾಳೆಯ ಮೇಲೆ ಬಿಡಿಸಿ

ಒಂದು ದೊಡ್ಡ ಹಾಳೆ ತೆಗೆದುಕೊಂಡು ಕಾಗದ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಎಡದಿಂದ ಬಲಕ್ಕೆ ಬರೆಯಿರಿ. ಬಗರ್ ಹುಕುಂ ಅರ್ಜಿಯ ದಾರಿ ಸ್ಥೂಲವಾಗಿ ಹೀಗೆ: ಅರ್ಜಿ, ಗ್ರಾಮ ಲೆಕ್ಕಿಗರ (ಈಗ ಗ್ರಾಮ ಆಡಳಿತ ಅಧಿಕಾರಿ) ವರದಿ, ರೆವಿನ್ಯೂ ಇನ್ಸ್‌ಪೆಕ್ಟರರ ಸ್ಥಳ ಮಹಜರು (ಜಾಗ ನೋಡಿ ಬರೆಯುವ ವರದಿ), ಸರ್ವೆಯವರ ನಕ್ಷೆ, ಅರಣ್ಯದ ತಂಟೆ ಇದ್ದರೆ ಜಂಟಿ ಸರ್ವೆ, ಕೇಸ್ ವರ್ಕರ್ ಟಿಪ್ಪಣಿ, ಶಿರಸ್ತೇದಾರ್, ತಹಶೀಲ್ದಾರ್. ಅಲ್ಲಿಂದ ಈ ಅರ್ಜಿಗಳನ್ನು ತೀರ್ಮಾನಿಸುವ ಅಕ್ರಮ-ಸಕ್ರಮ ಸಮಿತಿಯ ಸಭೆ. ಈ ಸಮಿತಿಗೆ ಕ್ಷೇತ್ರದ ಶಾಸಕರು ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. ಮಂಜೂರಾದ ಮೇಲೆ ಕಿಮ್ಮತ್ತು ಕಟ್ಟಿ ಸಾಗುವಳಿ ಚೀಟಿ, ಆಮೇಲೆ ಖಾತೆ, ಪಹಣಿಯಲ್ಲಿ ಹೆಸರು, ಕಡೆಗೆ ಪೋಡಿ.

ಎಲ್ಲ ನಿಲ್ದಾಣವನ್ನೂ ಕಥೆಗೆ ತರಬೇಡಿ. ಮೂರನ್ನು ಆರಿಸಿ: ಒಂದು ಬೇಗ ದಾಟಿಹೋಗುವುದು, ಒಂದು ಸಿಕ್ಕಿಕೊಳ್ಳುವುದು, ಒಂದು ಯಾರಿಗೂ ಕಾಣದೆ ಎಲ್ಲವನ್ನೂ ತೀರ್ಮಾನಿಸುವುದು. ಕಾಣದ ಜಾಗಕ್ಕೆ ಒಳ್ಳೆಯ ಉದಾಹರಣೆ ದನ ಮೇಯಲು ಬಿಟ್ಟ ಗೋಮಾಳದ ಲೆಕ್ಕ. ಭೂಕಂದಾಯ ನಿಯಮದ ಪ್ರಕಾರ ಊರಿನ ಪ್ರತಿ 100 ದನಕರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಉಳಿಸಬೇಕು. ಹೆಚ್ಚುವರಿ ಇದ್ದರೆ ಮಾತ್ರ ಮಂಜೂರು ಮಾಡಲು ಬರುತ್ತದೆ. ಊರಲ್ಲಿ ದನ ಎಷ್ಟಿವೆ ಎಂದು ವರದಿಯಲ್ಲಿ ಬರೆಯುವುದು ಒಬ್ಬ ಕೆಳಹಂತದ ನೌಕರ. 180 ಎಂದು ಬರೆದರೆ ಒಂದು ಫಲ, 320 ಎಂದು ಬರೆದರೆ ಇನ್ನೊಂದು. ಕೊಟ್ಟಿಗೆಗೆ ಕಾಲಿಡದೆ ಬರೆದ ಆ ಸಂಖ್ಯೆಯ ಮೇಲೆ ಹತ್ತು ಮನೆಗಳ ಜಮೀನು ನಿಂತಿರುತ್ತದೆ. ಇಂಥದ್ದೊಂದು ಸಂಗತಿ ಸಿಕ್ಕರೆ ಖಳನಾಯಕನ ಅಗತ್ಯವೇ ಬೀಳುವುದಿಲ್ಲ.

ವಿಳಂಬಕ್ಕೂ ತಂತ್ರವಿದೆ, ಅದನ್ನು ತಿಳಿದು ಬರೆಯಿರಿ. ಸಕಾಲ ಕಾಯ್ದೆ 2011ರದು, ಅದರಡಿ ಬರುವ ಸೇವೆಗಳಿಗೆ ದಿನದ ಗಡುವು ಇದೆ. ಗಡುವು ಮುಗಿಯುವ ಹೊತ್ತಿಗೆ ‘ದಾಖಲೆ ಅಪೂರ್ಣ’ ಎಂದು ಅರ್ಜಿ ವಾಪಸು ಕಳಿಸಿದರೆ ಕಚೇರಿಯ ಲೆಕ್ಕದಲ್ಲಿ ಕಡತ ವಿಲೇವಾರಿಯಾಯಿತು, ಅರ್ಜಿದಾರನ ಪಾಲಿಗೆ ಮೊದಲಿನಿಂದ ಶುರು. ಯಾರೂ ಏನನ್ನೂ ಕೇಳಿಲ್ಲ, ಯಾರೂ ಬೈದಿಲ್ಲ. ಹೀಗೆ ಎರಡು ಸಲ ವಾಪಸು ಬಂದ ಮನುಷ್ಯ ತಾನಾಗಿಯೇ ‘ಏನಾದ್ರೂ ಮಾಡ್ಬೇಕಾ ಸಾ?’ ಎಂದು ಕೇಳುತ್ತಾನೆ. ಬೇಡಿಕೆ ಮೇಲಿನಿಂದ ಬರದೆ ಕೆಳಗಿನಿಂದ ಹೊರಡುವ ಈ ಗಳಿಗೆ ಕಥೆಯ ನಡು. ಪೂರ್ತಿ ಜಾಗ ಕೊಟ್ಟು ಬರೆಯಿರಿ.

ಹಣವನ್ನು ಕೂಲಿ ದಿನಕ್ಕೆ ಬದಲಾಯಿಸಿ

ಬರೀ ‘20,000 ರೂಪಾಯಿ’ ಎಂದರೆ ಓದುಗರಿಗೆ ಏನೂ ತಾಗುವುದಿಲ್ಲ. ಲೆಕ್ಕ ಹಾಕಿಟ್ಟುಕೊಳ್ಳಿ. ಕಥೆಯ ವರ್ಷದಲ್ಲಿ ದಿನಗೂಲಿ 450 ಎಂದಿಟ್ಟುಕೊಳ್ಳೋಣ. ಹೆತ್ತೂರು ಕಡೆಯ ಹಳ್ಳಿಯಿಂದ ಸಕಲೇಶಪುರಕ್ಕೆ ಏಳು ಸಲ ಬಂದು ಹೋದರೆ ಕಳೆದ ಕೂಲಿ 3150. ಬಸ್ಸು, ಊಟ, ಜೆರಾಕ್ಸು ಸೇರಿ ಸಲಕ್ಕೆ 120ರಂತೆ 840. ಕೇಳಿದ 20,000ವನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 600, ವರ್ಷಕ್ಕೆ 7200. ಒಟ್ಟು 31,190. ಅಂದರೆ 69 ದಿನದ ಕೂಲಿ, ಒಂದು ಕೊಯ್ಲು ಕಾಲದ ಬಹುಪಾಲು. ಅದೇ 20,000ವನ್ನು ಪಕ್ಕದ ತೋಟದವರ ಕಡೆಯಿಂದ ನೋಡಿ. ಕಾಫಿ ಬೆಲೆ ಏರಿದ ವರ್ಷ ಒಂದು ಚೀಲ ಅರೇಬಿಕಾ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಮಾರಿದರೆ ಅಷ್ಟು ಕೈಗೆ ಬಂದಿರುತ್ತದೆ.

ಈ ಲೆಕ್ಕವನ್ನು ಕಥೆಯೊಳಗೆ ಇಡಿಯಾಗಿ ಸುರಿಯಬೇಡಿ. ಒಂದೆರಡು ಕಡೆ ಮಾತ್ರ ಕಾಣಲಿ: ಹೋಟೆಲಿನಲ್ಲಿ ಊಟ ಬೇಡವೆಂದು ಬನ್ನು ತಿನ್ನುವುದು, ಸಂಘದ ಕಂತಿನ ದಿನ ಹೆಂಡತಿ ಅಕ್ಕಪಕ್ಕದ ಮನೆಯಲ್ಲಿ ಕೈಗಡ ಕೇಳುವುದು. 2023ರ ಜೂನ್ ನಂತರ ನಡೆಯುವ ಕಥೆಯಾದರೆ ಶಕ್ತಿ ಯೋಜನೆಯಿಂದಾಗಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ ಎಂಬುದು ನೆನಪಿರಲಿ. ಆಗ ಕಚೇರಿ ಅಲೆಯುವ ಕೆಲಸ ಮನೆಯ ಹೆಂಗಸಿನ ಮೇಲೆ ಬೀಳಬಹುದು. ಗಂಡನ ಕೂಲಿ ಉಳಿಯುತ್ತದೆ, ಅವಳದು ಹೋಗುತ್ತದೆ. ಖಾಸಗಿ ಬಸ್ಸೇ ಓಡಾಡುವ ದಾರಿಯಾದರೆ ಆ ಅನುಕೂಲವೂ ಇಲ್ಲ.

ಹಣ ಎಲ್ಲಿಂದ ಬಂತು ಎಂಬುದು ಎಷ್ಟು ಎಂಬುದಕ್ಕಿಂತ ಮುಖ್ಯ. ಸಂಘದ ಸಾಲ, ಗಿರವಿ, ಹಸು ಮಾರಾಟ ಎಲ್ಲವೂ ಸರಿ. ಆದರೆ ಕಾಫಿ ಸೀಮೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಆಯ್ಕೆ ಸಾಹುಕಾರರ ಮುಂಗಡ. ತನ್ನದೇ ಎರಡು ಎಕರೆ ಸಿಕ್ಕರೆ ತೋಟದ ಕೂಲಿಯವರ ಲೈನ್ ಮನೆ ಬಿಡಬಹುದು ಎಂದು ಆಸೆಪಟ್ಟವನು, ಆ ಎರಡು ಎಕರೆಗಾಗಿ ಲಂಚ ಕೊಡಲು ಲೈನ್ ಮನೆಯ ಒಡೆಯನ ಬಳಿಯೇ ಮುಂಗಡ ಪಡೆಯುತ್ತಾನೆ. ಲೆಕ್ಕ ತೋಟದ ಗುಮಾಸ್ತ, ಅಂದರೆ ರೈಟರ್ ಪುಸ್ತಕಕ್ಕೆ ಏರುತ್ತದೆ. ಮುಂಗಡ ತೀರುವವರೆಗೆ ಬೇರೆ ತೋಟಕ್ಕೆ ಹೋಗುವಂತಿಲ್ಲ. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಏನು ಹೇಳುತ್ತದೆ ಎಂದು ಪಾತ್ರಗಳಿಗೆ ಗೊತ್ತಿರಬೇಕಿಲ್ಲ, ಬರೆಯುವವರಿಗೆ ಗೊತ್ತಿರಬೇಕು. ಒಂದು ಹಣಕ್ಕೆ ಭ್ರಷ್ಟಾಚಾರವೂ ವರ್ಗವೂ ಹೀಗೆ ಒಟ್ಟಿಗೆ ಗಂಟುಬಿದ್ದರೆ ಭಾಷಣದ ಅಗತ್ಯ ಉಳಿಯುವುದಿಲ್ಲ.

ಮಧ್ಯವರ್ತಿಗೆ ಮನೆ ಕೊಡಿ

ತಹಶೀಲ್ದಾರ್ ಅರ್ಜಿದಾರನ ಮುಖವನ್ನೇ ನೋಡದಿರಬಹುದು. ಮಾತು ನಡೆಯುವುದು ಮಧ್ಯದವನ ಜತೆ: ಅರ್ಜಿ ಬರೆಯುವವನು, ಜೆರಾಕ್ಸ್ ಅಂಗಡಿಯವನು, ಮಾಜಿ ಪಂಚಾಯಿತಿ ಸದಸ್ಯ, ಸಾಹೇಬರ ಜೀಪಿನ ಚಾಲಕ. ಕಥೆಯ ಅತ್ಯುತ್ತಮ ಪಾತ್ರ ಇವನೇ ಆಗಬಹುದು, ಏಕೆಂದರೆ ಇವನು ಎರಡೂ ಕಡೆಯವನು. ಇವನಿಲ್ಲದಿದ್ದರೆ ಓದುಬರಹ ಬಾರದ ಹತ್ತಾರು ಜನರ ಕೆಲಸ ನಿಜವಾಗಿಯೂ ಆಗುವುದಿಲ್ಲ. ಊರಿನವರು ಇವನನ್ನು ಕಳ್ಳನೆಂದು ಎಣಿಸುವುದಿಲ್ಲ, ಮದುವೆಗೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ.

ಇವನಿಗೂ, ಮೇಜಿನ ಹಿಂದಿನವರಿಗೂ ಒಂದೊಂದು ತೂಕದ ಅಗತ್ಯ ಕೊಡಿ. ವರ್ಗಾವಣೆಗೆ ಕೊಟ್ಟ ಹಣ ವಾಪಸು ಬರಬೇಕು, ಮಗಳ ನರ್ಸಿಂಗ್ ಸೀಟಿಗೆ ಕಟ್ಟಬೇಕು, ಮೇಲಿನವರ ಪ್ರವಾಸದ ದಿನ ಊಟ-ವಾಹನದ ಖರ್ಚು ತಾನೇ ನೋಡಬೇಕು. ಅಗತ್ಯ ಕೊಡುವುದೆಂದರೆ ಕ್ಷಮಿಸುವುದಲ್ಲ. ತನ್ನ ಭಾರ ತನಗಿಂತ ಕೆಳಗಿನವರ ಮೇಲೆ ಇಳಿಸಲು ಪ್ರತಿಯೊಬ್ಬರಿಗೂ ಒಂದು ಕಾರಣ ಇದೆ, ಕಟ್ಟಕಡೆಯಲ್ಲಿ ನಿಂತವನಿಗೆ ಇಳಿಸಲು ಯಾರೂ ಇಲ್ಲ ಎಂದು ಆಗ ಕಾಣುತ್ತದೆ.

ಕೊಡುವ-ಕೇಳುವ ದೃಶ್ಯ

ಸೋಲುವ ರೂಪ ಹೀಗಿರುತ್ತದೆ: “‘ಲಂಚ ಕೊಟ್ಟರೆ ಮಾತ್ರ ನಿನ್ನ ಕೆಲಸ ಮಾಡುತ್ತೇನೆ’ ಎಂದು ಅಧಿಕಾರಿ ಗಹಗಹಿಸಿ ನಕ್ಕ.” ಯಾರೂ ಹೀಗೆ ಮಾತಾಡುವುದಿಲ್ಲ. ಕೇಳುವವರ ಬಾಯಲ್ಲಿ ಆ ಪದ ಬರುವುದಿಲ್ಲ, ಮೊತ್ತವನ್ನೂ ಮೊದಲು ಹೇಳುವುದಿಲ್ಲ. ಇದೇ ಸಂಗತಿ ತಾಲ್ಲೂಕು ಕಚೇರಿಯೆದುರಿನ ಹೋಟೆಲಿನಲ್ಲಿ ಹೀಗೆ ನಡೆಯಬಹುದು:

“ಫೈಲು ಎಲ್ಲೈತೆ ಅಂತ ಗೊತ್ತಾಯ್ತಾ ಮಂಜಣ್ಣ?”

“ಎಲ್ಲಿಗೋಯ್ತದೆ, ಒಳಗೇ ಐತೆ. ಟೀ ಹೇಳ್ಲಾ?”

“ಬ್ಯಾಡ. ಬಸ್ಸು ನಾಕೂವರೆಗೆ.”

“ಕಮಿಟಿ ಬರೋ ತಿಂಗ್ಳು ಕೂರ್ತದಂತೆ. ಇದ್ರಲ್ಲಿ ಹೋದ್ರೆ ಹೋಯ್ತು, ಇಲ್ಲಾಂದ್ರೆ ಇನ್ನ ಎಲೆಕ್ಷನ್ ಆದ್ಮೇಲೇ ಕಣೋ ಸಿದ್ಧಯ್ಯ.”

“ಸೌಕಾರ್ರುದೂ ಒಂದಿತ್ತಲ್ಲಣ್ಣ?”

“ಅವ್ರುದು ಹೋದ್ ಸಲನೇ ಆಯ್ತು.”

ಸಿದ್ಧಯ್ಯ ಚೀಲದೊಳಗಿನ ಪ್ಲಾಸ್ಟಿಕ್ ಕವರನ್ನು ಒಮ್ಮೆ ಮುಟ್ಟಿ ನೋಡಿಕೊಂಡ. “ಎಷ್ಟಾಗ್ಬೋದಣ್ಣ?”

“ನಾನೇನು ಕೇಳ್ತಿಲ್ಲಪ್ಪ. ಸರ್ವೆಯೋರು ಬರ್ಬೇಕು, ಗಾಡಿ, ಊಟ... ನೀನೇ ನೋಡು.”

ಇಲ್ಲಿ ಗಮನಿಸಬೇಕಾದದ್ದು ಮೂರು. ಐವತ್ತು ದಾಟಿದ ಸಿದ್ಧಯ್ಯ ಮೂವತ್ತರ ಮಂಜನನ್ನು ಅಣ್ಣ ಎನ್ನುತ್ತಾನೆ, ಮಂಜ ಅವನಿಗೆ ‘ಕಣೋ’ ಎನ್ನುತ್ತಾನೆ. ಯಾರು ಮೇಲೆ, ಯಾರು ಕೆಳಗೆ ಎಂದು ಬೇರೆ ಹೇಳುವ ಕೆಲಸ ಉಳಿಯಲಿಲ್ಲ. ಗಡಿಯಾರ ಇರುವುದು ಬಡವನ ಬಳಿ: ಬಸ್ಸಿನ ಹೊತ್ತು ಅವನನ್ನು ಒತ್ತುತ್ತದೆ, ಮಂಜನಿಗೆ ಅವಸರವೇ ಇಲ್ಲ. ಮೊತ್ತ ಹೊರಬೀಳದೆ ದೃಶ್ಯ ಮುಗಿಯುತ್ತದೆ, ಎಷ್ಟು ಕೊಡಬೇಕೆಂಬ ಚಿಂತೆ ಸಿದ್ಧಯ್ಯನ ಜತೆ ಬಸ್ಸು ಹತ್ತುತ್ತದೆ.

ಆಡುಮಾತನ್ನು ತಾಲ್ಲೂಕಿಗೆ ತಕ್ಕಂತೆ ಹಿಡಿಯಿರಿ. ಶೃಂಗೇರಿ, ಕೊಪ್ಪದಲ್ಲಿ ‘ಎಂಥ ಮಾರಾಯ್ರೆ’ ಸಹಜ, ಅದನ್ನೇ ಹೊಳೆನರಸೀಪುರದವರ ಬಾಯಿಗೆ ಹಾಕಿದರೆ ಕಥೆ ಅಲ್ಲೇ ಬೀಳುತ್ತದೆ. ಸಕಲೇಶಪುರ, ಮೂಡಿಗೆರೆಯಲ್ಲಿ ಎರಡೂ ಬೆರೆತಿರುತ್ತವೆ, ಕಿವಿಗೊಟ್ಟು ಕೇಳಿಯೇ ಬರೆಯಬೇಕು. ಪ್ರತಿ ಪದವನ್ನೂ ಉಚ್ಚಾರದಂತೆ ಒಡೆದು ಬರೆದರೆ ಓದು ಮುಗ್ಗರಿಸುತ್ತದೆ. ಸಾಲಿಗೆ ಎರಡು ಗುರುತು ಸಾಕು. ಇನ್ನೊಂದು ಮಾತು: ಕೂಲಿಯವರಿಗೆ ಮಾತ್ರ ಆಡುಮಾತು, ಸಾಹುಕಾರರಿಗೆ ಗ್ರಂಥಭಾಷೆ ಕೊಡಬೇಡಿ. ತೋಟದ ಮಾಲೀಕರೂ ಇದೇ ಸೀಮೆಯ ಮಾತಾಡುತ್ತಾರೆ, ನಡುವೆ ಒಂದಿಷ್ಟು ಇಂಗ್ಲಿಷ್ ಬರುತ್ತದೆ ಅಷ್ಟೆ. ಭಾಷೆಯಲ್ಲೇ ಬಡವರನ್ನು ಸಣ್ಣವರಾಗಿಸುವುದು ಕಥೆ ಖಂಡಿಸಹೊರಟ ಅನ್ಯಾಯವನ್ನೇ ಮತ್ತೆ ಮಾಡಿದಂತೆ.

ತೋಟದ ಒಳಗಿನ ಅಂತರ

ಬಂಗಲೆ ಮತ್ತು ಲೈನ್ ಮನೆಯನ್ನು ಎದುರುಬದುರು ನಿಲ್ಲಿಸಿ ವರ್ಣಿಸಿದರೆ ಚಿತ್ರ ಬರುತ್ತದೆ, ಕಥೆ ಬರುವುದಿಲ್ಲ. ಅಂತರ ಕೆಲಸ ಮಾಡುವ ಜಾಗ ಹಿಡಿಯಿರಿ. ಕೊಯ್ಲಿನ ದಿನ ಸಂಜೆ ತೂಕದ ಹೊತ್ತು ಅಂಥ ಜಾಗ. ಕೆ.ಜಿ. ಲೆಕ್ಕದಲ್ಲಿ ಹಣ್ಣು ಕೊಯ್ದವರು ಚೀಲ ಹೊತ್ತು ಸಾಲು ನಿಂತಿರುತ್ತಾರೆ, ರೈಟರ್ ಮುಳ್ಳು ನೋಡಿ ಬರೆಯುತ್ತಾನೆ. ಚೀಲದ ತೂಕ, ಎಲೆ-ಕಡ್ಡಿ, ಹಸಿರು ಕಾಯಿ ಎಂದು ಎಷ್ಟು ಕಳೆಯುತ್ತಾನೆ, ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ? ತಾಲ್ಲೂಕು ಕಚೇರಿಯ ದನದ ಸಂಖ್ಯೆಗೂ ಇಲ್ಲಿನ ಎರಡು ಕೆ.ಜಿ.ಗೂ ಒಂದೇ ಗುಣ: ಬರೆಯುವವನ ಕೈಯಲ್ಲಿ ಪೆನ್ನು, ಎದುರು ನಿಂತವರ ಕೈಯಲ್ಲಿ ಏನೂ ಇಲ್ಲ. ಬಟವಾಡೆಯ ದಿನವೂ ಹಾಗೆಯೇ. ಮುಂಗಡ ಹಿಡಿದುಕೊಂಡು ಉಳಿದದ್ದು ಎಣಿಸುವಾಗ ಯಾರು ಕೂತಿದ್ದಾರೆ, ಯಾರು ಅಂಗಳದಲ್ಲಿ ನಿಂತಿದ್ದಾರೆ ನೋಡಿ.

ಇತಿಹಾಸ ತಿಳಿದರೆ ಪಾತ್ರಗಳ ಆಸ್ತಿಗೆ ಬೇರು ಸಿಗುತ್ತದೆ. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರು ನಮೂನೆ 7 ಹಾಕಿ ಭೂ ನ್ಯಾಯಮಂಡಳಿಯಿಂದ ಗದ್ದೆ ಪಡೆದರು. ಆದರೆ ಕಾಯ್ದೆಯ 104ನೇ ಕಲಂ ಕಾಫಿಯಂಥ ಪ್ಲಾಂಟೇಷನ್‌ಗಳನ್ನು ಭೂಮಿತಿಯ (ಒಬ್ಬರು ಹೊಂದಬಹುದಾದ ಜಮೀನಿನ ಮಿತಿ) ಹೊರಗಿಟ್ಟಿತು. ಹೀಗಾಗಿ ಒಂದೇ ಮನೆತನದ ಗದ್ದೆ ಹೋಗಿ ತೋಟ ಉಳಿದಿರಬಹುದು. ಗೇಣಿಯೂ ಇಲ್ಲದೆ ಬರೀ ಕೂಲಿಗಿದ್ದವರಿಗೆ ಎರಡರಲ್ಲೂ ಏನೂ ಸಿಗಲಿಲ್ಲ, ಅವರ ಮಕ್ಕಳೇ ಇಂದು ಬಗರ್ ಹುಕುಂ ಸಾಲಿನಲ್ಲಿದ್ದಾರೆ. 1994ರಲ್ಲಿ ಹಿಮಗಟ್ಟುವ ಚಳಿಗೆ ಬ್ರೆಜಿಲ್‌ನ ಕಾಫಿ ಗಿಡಗಳು ಸುಟ್ಟು ಕಾಫಿ ಬೆಲೆ ನೆಗೆಯಿತು. ಬಂಗಲೆಗೆ ಹೊಸ ಮಹಡಿ ಬಂದದ್ದು ಆಗ ಎಂದು ಬರೆದರೆ ಸೀಮೆಯವರು ತಲೆದೂಗುತ್ತಾರೆ. 2000ದ ಆಸುಪಾಸಿನ ಬೆಲೆ ಕುಸಿತ ಸಣ್ಣ ಬೆಳೆಗಾರರ ಬೆನ್ನು ಮುರಿಯಿತು.

ಸಣ್ಣ ಬೆಳೆಗಾರರನ್ನು ಮರೆತ ಕಥೆ ಸುಳ್ಳಾಗುತ್ತದೆ. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರಿನವರೆಗೆ ಸಣ್ಣ ಬೆಳೆಗಾರರೇ, ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಅಂಥವು. ಮೂರು ಎಕರೆಯವರೂ 24 ಎಕರೆಯವರೂ ಒಂದೇ ಪಟ್ಟಿಯಲ್ಲಿದ್ದಾರೆ. ಮೂರು ಎಕರೆಯವರು ಕಚೇರಿಯಲ್ಲಿ ಕೈಮುಗಿದು ನಿಲ್ಲುತ್ತಾರೆ, ತಮ್ಮ ತೋಟದಲ್ಲಿ ಕೂಲಿಯವರಿಂದ ಕೈ ಮುಗಿಸಿಕೊಳ್ಳುತ್ತಾರೆ. ಒಬ್ಬರೇ ಮನುಷ್ಯರು ಒಂದೇ ದಿನ ಎರಡೂ ಕಡೆ ನಿಂತ ಕಥೆ ಬರೆಯಿರಿ. ಸರ್ಕಾರ ಈಚಿನ ತಿದ್ದುಪಡಿಯಲ್ಲಿ ಒತ್ತುವರಿ ತೋಟಗಳನ್ನು 25 ಎಕರೆವರೆಗೆ 30 ವರ್ಷಕ್ಕೆ ಗುತ್ತಿಗೆ ಕೊಡಲು ದಾರಿ ಮಾಡಿತು. ಎರಡು ಎಕರೆಯ ಅರ್ಜಿ ಕಾಯುತ್ತಿರುವ ಅದೇ ಊರಿನಲ್ಲಿ ಇದು ಹೇಗೆ ಕೇಳಿಸುತ್ತದೆ ಎಂಬುದು ಮತ್ತೊಂದು ಕಥೆ.

ಜಾತಿಯನ್ನು ಬಿಟ್ಟು ಇಲ್ಲಿ ವರ್ಗದ ಮಾತಾಡಲು ಬರುವುದಿಲ್ಲ. ಮಂಜೂರಾದ ಜಮೀನು ಪರಿಶಿಷ್ಟರದ್ದಾದರೆ 1978ರ ಪಿಟಿಸಿಎಲ್ (ಪರಿಶಿಷ್ಟರ ಜಮೀನು ಪರಭಾರೆ ನಿಷೇಧ) ಕಾಯ್ದೆ ಬೇರೆಯವರಿಗೆ ಮಾರುವುದಕ್ಕೆ ತಡೆ ಹಾಕುತ್ತದೆ, ಆದರೂ ‘ಸಾಗುವಳಿ ಮಾತ್ರ ನಾವು ಮಾಡ್ತೀವಿ’ ಎಂಬ ಬಾಯಿಮಾತಿನ ಕರಾರಿನಲ್ಲಿ ಜಮೀನು ಬೇರೆಯವರ ಬೇಲಿಯೊಳಗೆ ಹೋಗಿಬಿಡುತ್ತದೆ. ಕಥೆಯಲ್ಲಿ ಜಾತಿಯ ಹೆಸರು ಹೇಳುವುದಕ್ಕೆ ಸಂಕೋಚಪಟ್ಟು ‘ಬಡ ಕಾರ್ಮಿಕ’ ಎಂದು ಮಸುಕು ಮಾಡಬೇಡಿ. ಯಾರ ಮನೆ ಕಾಲೋನಿಯಲ್ಲಿದೆ, ಯಾರಿಗೆ ಲೋಟ ಬೇರೆ ಎಂದು ಓದುಗರಿಗೆ ಗೊತ್ತಾಗಲೇಬೇಕು. ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಬಂದವರು ಈಗ ತೋಟಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರನ್ನು ಹಿನ್ನೆಲೆಯ ನೆರಳಾಗಿಸದೆ ಒಬ್ಬರಿಗಾದರೂ ಹೆಸರು, ಮಾತು, ಆಸೆ ಕೊಡಿ.

ಕಾಲ ತಪ್ಪಬೇಡಿ

ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ. ಮುಂಗಾರಿಗೆ ಮೊದಲು ಮರಗಸಿ (ನೆರಳು ಮರದ ಕೊಂಬೆ ಸವರುವುದು), ರೋಗ ತಡೆಗೆ ಬೋರ್ಡೋ ಸಿಂಪಡಣೆ. ಜುಲೈನಲ್ಲಿ ಹಣ್ಣು ಕೊಯ್ಯುವ ಕಥೆ ಯಾರೂ ನಂಬುವುದಿಲ್ಲ. ಜಡಿಮಳೆಯ ತಿಂಗಳುಗಳಲ್ಲಿ ಕೂಲಿ ದಿನ ಕಡಿಮೆ, ಸಾಲ ಹೆಚ್ಚು. ಮಧ್ಯವರ್ತಿಗೆ ಹಣ ಕೊಡಬೇಕಾದ ದಿನವನ್ನು ಆಗಸ್ಟ್‌ನಲ್ಲಿಟ್ಟರೆ ಒತ್ತಡ ತಾನಾಗಿ ಬರುತ್ತದೆ. ಕಾಫಿ ಬೆಲೆ ಹೇಳುವುದು 50 ಕೆ.ಜಿ. ಚೀಲಕ್ಕೆ, ಮೆಣಸಿಗೆ ಕೆ.ಜಿ. ಲೆಕ್ಕ. ‘ಕ್ವಿಂಟಾಲ್ ಕಾಫಿ’ ಎಂದು ಬರೆದರೆ ಬೆಳೆಗಾರರು ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ಕಚೇರಿಯ ಕಾಲವೂ ಹೀಗೆಯೇ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿದ್ದು 2000ದ ಆಸುಪಾಸು. ಅದಕ್ಕೆ ಹಿಂದಿನ ಕಥೆಯಲ್ಲಿ ಕೈಬರಹದ ಪಹಣಿ, ತಿದ್ದಿದ ಅಂಕಿ ಇರಲಿ. ಫೋನಿನಲ್ಲಿ ಹಣ ಕಳಿಸುವ ಕಾಲಕ್ಕೆ ಬಂದರೆ ಟೀ ಅಂಗಡಿಯ ಕ್ಯೂಆರ್ ಕೋಡ್, ಸಂಬಂಧಿಕರ ನಂಬರು ಬರುತ್ತವೆ.

ರಸ್ತೆ ಕಾಮಗಾರಿಯ ಕಥೆ ಬರೆಯುವವರು ಜೂನಿಯರ್ ಇಂಜಿನಿಯರ್ ಕಾಮಗಾರಿಯ ಅಳತೆ ಬರೆಯುವ ಎಂ.ಬಿ. ಪುಸ್ತಕವನ್ನು ನಡುವಿಗಿಡಿ. ಪುಸ್ತಕದಲ್ಲಿ 20 ಮಿ.ಮೀ. ಡಾಂಬರು, ನೆಲದ ಮೇಲೆ ಎಷ್ಟಿದೆ ಎಂದು ಮೊದಲ ಮುಂಗಾರು ತೋರಿಸಿಬಿಡುತ್ತದೆ. ವಸತಿ ಯೋಜನೆಯಾದರೆ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಹಂತಕ್ಕೆ ಫೋಟೋ ಏರಿಸಬೇಕು. ಫೋಟೋ ತೆಗೆಯಲು ಬರುವವರಿಗಾಗಿ ಕಾಯುತ್ತಾ ಛಾವಣಿಯಿಲ್ಲದ ಗೋಡೆ ನೆನೆಯುತ್ತಿರುತ್ತದೆ.

ಲೋಕಾಯುಕ್ತ ಬಲೆ ಬೇಕಿದ್ದರೆ

ಬಲೆಗೆ ಬೀಳಿಸಿ ಕಥೆ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಮಾಡುವುದಾದರೆ ವಿವರ ಸರಿಯಿರಲಿ. ದೂರುದಾರ ತಂದ ನೋಟುಗಳ ನಂಬರು ಬರೆದುಕೊಳ್ಳುತ್ತಾರೆ, ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ಸಾಕ್ಷಿಗಳಾಗಿ ಇಬ್ಬರು ಪಂಚರಿರುತ್ತಾರೆ, ಒಬ್ಬರು ದೂರುದಾರನ ಜತೆ ಹೋಗುತ್ತಾರೆ. ಕೇಳಿದರೆ ಮಾತ್ರ ಕೊಡಬೇಕೆಂದು ತಾಕೀತು, ಕೊಟ್ಟ ಮೇಲೆ ಮೊದಲೇ ಗೊತ್ತುಮಾಡಿದ ಸನ್ನೆ. ಆಮೇಲೆ ಆರೋಪಿಯ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದಾಗ ಬಣ್ಣವಿಲ್ಲದ ನೀರು ಗುಲಾಬಿಯಾಗುತ್ತದೆ, ಅದನ್ನು ಬಾಟಲಿಯಲ್ಲಿ ಮೊಹರು ಮಾಡುತ್ತಾರೆ, ಮಹಜರು ಬರೆಯುತ್ತಾರೆ. 2016ರಿಂದ 2022ರ ಆಗಸ್ಟ್‌ವರೆಗಿನ ಕಥೆಯಾದರೆ ಈ ಕೆಲಸ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿಯದ್ದು. ಹೈಕೋರ್ಟ್ ಅದನ್ನು ರದ್ದುಮಾಡಿದ ಮೇಲೆ ಲೋಕಾಯುಕ್ತ ಪೊಲೀಸರಿಗೆ ಮರಳಿತು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ, ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ಹಣ ಕೊಟ್ಟು ಎಂಟು ದಿನವಾದ ಮೇಲೆ ಧೈರ್ಯ ಬಂದವನ ಸ್ಥಿತಿ ಯೋಚಿಸಿ.

ಸಿಕ್ಕಿಬಿದ್ದವನು ಅಮಾನತಾಗುತ್ತಾನೆ, ಜೀವನಾಧಾರ ಭತ್ಯೆ ಬರುತ್ತದೆ, ಪ್ರಾಸಿಕ್ಯೂಷನ್‌ಗೆ ಅನುಮತಿ ಬೇಕು, ವಿಚಾರಣೆ ವರ್ಷಗಟ್ಟಲೆ. ದೂರುದಾರನ ಕಡತ ಮಾತ್ರ ಅದೇ ಕಚೇರಿಯಲ್ಲಿ, ಸಿಕ್ಕಿಬಿದ್ದವನ ಗೆಳೆಯರ ನಡುವೆ ಇರುತ್ತದೆ. ಹಾಗಾಗಿ ಗುಲಾಬಿ ನೀರಿಗೆ ಕಥೆ ಮುಗಿಸಬೇಡಿ. ಅಲ್ಲಿಂದ ಶುರು ಮಾಡಿ, ಆ ಮನುಷ್ಯ ಮುಂದಿನ ಸೋಮವಾರ ಅದೇ ಕಚೇರಿಗೆ ಹೋಗಲೇಬೇಕಾದ ದಿನವನ್ನು ಬರೆಯಿರಿ.

ತಿದ್ದುವಾಗ

ಮೊದಲ ಕರಡನ್ನು ಒಂದು ವಾರ ಮುಚ್ಚಿಡಿ. ಆಮೇಲೆ ‘ಶೋಷಣೆ’, ‘ಭ್ರಷ್ಟ ವ್ಯವಸ್ಥೆ’, ‘ಮುಗ್ಧ’, ‘ಅಮಾಯಕ’ ಎಂಬ ಪದ ಎಲ್ಲೆಲ್ಲಿದೆ ಹುಡುಕಿ ತೆಗೆಯಿರಿ. ತೆಗೆದಾಗ ಅರ್ಥ ಬಿದ್ದುಹೋದರೆ ಅಲ್ಲಿ ದೃಶ್ಯ ಬರೆಯಬೇಕಿತ್ತು ಎಂದರ್ಥ. ಬಡವರ ಪಾತ್ರ ಒಮ್ಮೆಯೂ ಸುಳ್ಳು ಹೇಳದಿದ್ದರೆ, ಒಮ್ಮೆಯೂ ಲಾಭದ ಲೆಕ್ಕ ಹಾಕದಿದ್ದರೆ, ಅವರನ್ನು ಮನುಷ್ಯರಾಗಿ ನೋಡಿಲ್ಲ. ಜಮೀನು ಸಿಕ್ಕ ದಿನ ಪಕ್ಕದವರ ಅರ್ಜಿಗೆ ತಕರಾರು ಹಾಕಬಹುದಾದವನೇ ಪೂರ್ತಿ ಮನುಷ್ಯ.

ಕರಡನ್ನು ಇಬ್ಬರಿಗೆ ಓದಿಸಿ: ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಒಬ್ಬರಿಗೆ, ತೋಟದಲ್ಲಿ ಕೂಲಿ ಮಾಡಿದ ಒಬ್ಬರಿಗೆ. ಓದಲು ಬಾರದವರಾದರೆ ಗಟ್ಟಿಯಾಗಿ ಓದಿ ಹೇಳಿ. ಮೊದಲಿನವರು ಕಡತದ ತಪ್ಪು ಹಿಡಿಯುತ್ತಾರೆ, ಎರಡನೆಯವರು ಮನುಷ್ಯರ ತಪ್ಪು ಹಿಡಿಯುತ್ತಾರೆ. ಇಬ್ಬರ ಮಾತು ಒಂದಕ್ಕೊಂದು ತಾಗದಿದ್ದಾಗ ಮನುಷ್ಯರ ಕಡೆಯ ತಪ್ಪನ್ನು ಮೊದಲು ಸರಿಪಡಿಸಿ.

ಕಡೆಯದಾಗಿ ಹೆಸರುಗಳು. ಊರಿನ ಹೆಸರು, ಸರ್ವೆ ನಂಬರು, ತೋಟದ ಹೆಸರು ಎಲ್ಲ ಕಲ್ಪಿತವಾಗಿರಲಿ. ಬಗರ್ ಹುಕುಂ ಕಥೆಗೆ ಇನ್ನೊಂದು ಎಚ್ಚರ ಬೇಕು: ಸಮಿತಿಯ ಅಧ್ಯಕ್ಷರು ಕ್ಷೇತ್ರದ ಶಾಸಕರಾದ್ದರಿಂದ, ನಿಜವಾದ ತಾಲ್ಲೂಕು ಮತ್ತು ನಿರ್ದಿಷ್ಟ ವರ್ಷ ಎರಡನ್ನೂ ಬರೆದರೆ ಒಬ್ಬ ವ್ಯಕ್ತಿಯನ್ನು ಬೆರಳು ಮಾಡಿ ತೋರಿಸಿದಂತಾಗುತ್ತದೆ. ವರ್ಷ ಹೇಳಬೇಕಿದ್ದರೆ ತಾಲ್ಲೂಕನ್ನು ಕಲ್ಪಿಸಿಕೊಳ್ಳಿ. ತಾಲ್ಲೂಕು ಬೇಕಿದ್ದರೆ ವರ್ಷವನ್ನು ಕಾಫಿ ಬೆಲೆ, ಮಳೆ, ನಮೂನೆಯ ಸಂಖ್ಯೆಗಳಿಂದ ಸೂಚಿಸಿ ಬಿಡಿ.